ಕಾಶಿಗೆಂದು ಕೂಡಿಟ್ಟ ಪಾಯಿಂಟುಗಳು

ಈಶ್ವರನ್ ತೀರಿಹೋದ ಹನ್ನೆರಡನೆಯ ದಿನ ಬೆಳಿಗ್ಗೆ, ಕಂಬಂ ಊರಿನ ಅವರ ಮನೆಯಲ್ಲಿ ಇನ್ನೊಂದು ನಷ್ಟ ಗೊತ್ತಾಯಿತು. ಪಡಸಾಲೆಯ ಮೂಲೆಯಲ್ಲಿ ಅವರ ಪಟದ ಮುಂದೆ ದೀಪ ಉರಿಯುತ್ತಿತ್ತು. ಮಗಳು ತೇನ್‌ಮೊಳಿ ತಂದೆಯ ಫೋನು ಹಿಡಿದು, ಅಮ್ಮನಿಗೂ ಅಣ್ಣನಿಗೂ ಕಾಶಿಗೆ ವಿಮಾನದ ಟಿಕೆಟ್ ಮಾಡಲು ಕುಳಿತಿದ್ದಳು. ಸ್ವಲ್ಪ ಹೊತ್ತು ಬೆರಳಾಡಿಸಿದಳು, ಫೋನನ್ನು ಕಿಟಕಿಯ ಹತ್ತಿರ ಒಯ್ದು ಮತ್ತೆ ನೋಡಿದಳು. ಯಾವಾಗಲೂ ನೀಲಿಯಾಗಿ ಕಾಣುವ ತಂದೆಯ ಕ್ರೆಡಿಟ್ ಕಾರ್ಡಿನ ಚಿತ್ರ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸಿಗ್ನಲ್ ಸರಿಯಿಲ್ಲವೇನೋ ಎಂದುಕೊಂಡಳು. ಆದರೆ ಅದರ ಕೆಳಗಿನ ಅಂಕಿ ಮಾತ್ರ ಸ್ಪಷ್ಟವಾಗಿತ್ತು.

"ಅವ್ವಾ, ಅಪ್ಪನ ಪಾಯಿಂಟು ಒಂದೂ ಇಲ್ಲ. ಸೊನ್ನೆ ಅಂತ ಐತೆ," ಎಂದಳು.

ಲಕ್ಷ್ಮಣನ್ ಅಲ್ಲಿಯೇ ಇದ್ದರು. ಈಶ್ವರನ್ ಅವರ ಐವತ್ತು ವರ್ಷದ ಗೆಳೆಯ. ಸಾವಿನ ಮಾರನೆಯ ದಿನದಿಂದ ಅವರು ಬೆಳಿಗ್ಗೆ ಬೆಳಿಗ್ಗೆ ಬಂದು, ದೀಪಕ್ಕೆ ಎಣ್ಣೆ ಹಾಕಿ, ಯಾರೊಡನೆಯೂ ಹೆಚ್ಚು ಮಾತಾಡದೆ ಒಂದು ಗಳಿಗೆ ಕುಳಿತು ಹೋಗುತ್ತಿದ್ದರು. ತೇನ್‌ಮೊಳಿಯ ಮಾತು ಕೇಳಿ ಅವರು ಎಣ್ಣೆಯ ಗಿಂಡಿಯನ್ನು ಕೆಳಗಿಟ್ಟರು. ಆ ಪಾಯಿಂಟುಗಳ ಬೆಲೆ ಅವರಿಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ಕಾರ್ಡನ್ನು ಆರಿಸುವಾಗ ಈಶ್ವರನ್ ಜೊತೆ ತೇನಿ ಪಟ್ಟಣದ ಬ್ಯಾಂಕಿಗೆ ಹೋಗಿದ್ದವರು ಲಕ್ಷ್ಮಣನ್ ಒಬ್ಬರೇ. ಬ್ಯಾಂಕಿನವರು ಮೂರು ಬಗೆಯ ಕಾರ್ಡು ತೋರಿಸಿದ್ದರು. ಒಂದಕ್ಕೆ ವರ್ಷಕ್ಕೆ ದೊಡ್ಡ ಶುಲ್ಕ, ವಿಮಾನ ನಿಲ್ದಾಣದಲ್ಲಿ ಮೆತ್ತನೆಯ ಕುರ್ಚಿ, ಪುಕ್ಕಟೆ ಊಟ. ಇನ್ನೊಂದು ಡೀಸೆಲ್ ಹಾಕಿಸುವವರಿಗೆ. ಮೂರನೆಯದರಲ್ಲಿ ಶುಲ್ಕ ಕಡಿಮೆ; ಅಕ್ಕಿ, ಗೊಬ್ಬರ, ಮಾತ್ರೆ, ಬಟ್ಟೆ, ಏನು ಕೊಂಡರೂ ಒಂದಿಷ್ಟು ಪಾಯಿಂಟು ಬೀಳುತ್ತದೆ; ಕೂಡಿಟ್ಟ ಪಾಯಿಂಟನ್ನು ವಿಮಾನದ ಟಿಕೆಟ್ಟಿಗೆ ಬದಲಿಸಬಹುದು. ಈಶ್ವರನ್ ಗೊಬ್ಬರದ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿ ಮೂರನೆಯದನ್ನು ಹಿಡಿದರು. ಮೆತ್ತನೆಯ ಕುರ್ಚಿ ಬೇಡವೇ ಎಂದು ಲಕ್ಷ್ಮಣನ್ ಕೆಣಕಿದಾಗ, "ಹುಟ್ಟಿ ಒಂದು ಸಾರಿನೂ ವಿಮಾನ ಏರದ ನಮಗೆ ಕುರ್ಚಿ ಯಾತಕ್ಕೆ ಅಪ್ಪಾ? ರಾಜಮ್ಮಾಳಿಗೆ ಮಂಡಿ ನೋವು, ಎರಡು ಹಗಲು ಎರಡು ರಾತ್ರಿ ರೈಲಲ್ಲಿ ಕೂರಕ್ಕಾಗದು. ಅವಳ್ನ ಕಾಶಿಗೆ ಹಾರಿಸಿಕೊಂಡು ಹೋಗಬೇಕು," ಎಂದಿದ್ದರು.

ಅಂದಿನಿಂದ ಅವರ ಮನೆಯ ಖರ್ಚೆಲ್ಲ ಆ ಕಾರ್ಡಿನಲ್ಲೇ. ದ್ರಾಕ್ಷಿ ತೋಟದ ಔಷಧಿ, ಚಪ್ಪರದ ತಂತಿ, ಮೊಮ್ಮಗುವಿನ ಚಪ್ಪಲಿ, ಎಲ್ಲ. ಈಶ್ವರನ್ ವೀಳ್ಯಕ್ಕೂ ಕಾರ್ಡು ಉಜ್ಜುತ್ತಾರೆಂದು ಪೇಟೆಯವರು ನಗುತ್ತಿದ್ದರು. ಪ್ರತಿ ತಿಂಗಳ ಬಿಲ್ಲನ್ನು ಒಂದು ದಿನವೂ ತಡಮಾಡದೆ ಪೂರ್ತಿ ಕಟ್ಟಿಬಿಡುತ್ತಿದ್ದರು. ಬಡ್ಡಿ ಎಂಬುದನ್ನು ಆ ಬ್ಯಾಂಕು ಅವರಿಂದ ಒಂದು ಕಾಸೂ ಕಂಡಿರಲಿಲ್ಲ. ಇಬ್ಬರು ಕಾಶಿಗೆ ಹೋಗಿ ಬರುವಷ್ಟು ಪಾಯಿಂಟು ತುಂಬಿದ ತಿಂಗಳೇ ಅವರು ಎದೆ ಹಿಡಿದುಕೊಂಡು ಮಧುರೈ ಆಸ್ಪತ್ರೆ ಸೇರಿದರು. ಹದಿನೊಂದು ದಿನದ ಆಸ್ಪತ್ರೆಯ ಖರ್ಚೂ ಆ ಕಾರ್ಡಿಗೇ ಬಿತ್ತು. ಅವರು ಮಾತ್ರ ಮನೆಗೆ ಬರಲಿಲ್ಲ.

ಈಗ ಅವರ ಅಸ್ಥಿ ಮಣ್ಣಿನ ಮಡಕೆಯಲ್ಲಿ, ಬಿಳಿಯ ಬಟ್ಟೆಯ ಬಾಯಿಕಟ್ಟಿನಲ್ಲಿ, ಹಿತ್ತಿಲ ಬೇವಿನ ಕೊಂಬೆಗೆ ತೂಗುತ್ತಿತ್ತು. ಹದಿನಾರನೆಯ ದಿನದ ಕಾರ್ಯ ಮುಗಿಸಿ ಅದನ್ನು ಕಾಶಿಗೆ ಒಯ್ಯುವುದೆಂದು ರಾಜಮ್ಮಾಳ್ ನಿಶ್ಚಯ ಮಾಡಿದ್ದರು.

ತೇನ್‌ಮೊಳಿಯ ಮಾತು ಕೇಳಿ ಮನೆಯವರೆಲ್ಲ ಸುತ್ತ ಸೇರಿ, ಒಬ್ಬೊಬ್ಬರು ಹತ್ತು ಪ್ರಶ್ನೆ ಕೇಳಿದರು. ಸೊಸೆ ಜೆಯಂತಿ ಅಡುಗೆಮನೆಯ ಬಾಗಿಲಿಗೆ ಬಂದು, ಸೊನ್ನೆ ಎಂಬ ಮಾತು ಕೇಳಿ, ಏನೂ ಕೇಳದೆ ಒಳಗೆ ಹೋದಳು. ಮಗ ಜೆಯಕುಮಾರ್ ಮುಖ ಕೆಂಪಾಯಿತು. ತಂದೆಯ ಫೋನು ನಾಲ್ಕನೆಯ ದಿನದಿಂದ ಹತ್ತನೆಯ ದಿನದವರೆಗೆ ಯಾರ ಹತ್ತಿರ ಇತ್ತೆಂದು ಅವನು ತಂಗಿಯನ್ನು ಕೇಳಿದ. ಅದು ಅವಳ ಗಂಡ ಪ್ರೇಮ್‌ಕುಮಾರ್ ಹತ್ತಿರ ಇತ್ತು. ಅವನಿಗೆ ದಿಂಡಿಗಲ್ಲಿನಲ್ಲಿ ಮೊಬೈಲ್ ಅಂಗಡಿ. ಸಾವಿನ ಸುದ್ದಿ ತಿಳಿಯದ ಪರವೂರಿನವರು ಕರೆ ಮಾಡಿದರೆ ಉತ್ತರ ಹೇಳಲೆಂದು ಅವನೇ ಕೇಳಿ ಒಯ್ದಿದ್ದ.

"ನಾನು ಏನೂ ಹೇಳಕ್ಕಿಲ್ಲ ತೇನು," ಎಂದ ಜೆಯಕುಮಾರ್. "ಆದ್ರೆ ಹದಿನಾರಕ್ಕೆ ಮಾಪ್ಪಿಳೆ ಈ ಮನೆ ಬಾಗಿಲು ಏರೋದು ಬ್ಯಾಡ. ನನ್ನ ತಲೆಗೆ ಉರುಮಾಲು ಕಟ್ಟೋಕೆ ಬೇರೆ ಕೈ ನೋಡ್ಕೋತೀನಿ."

ಅದು ಸಣ್ಣ ಮಾತಲ್ಲ. ಆ ಮನೆಯ ಪದ್ಧತಿಯಲ್ಲಿ ಹದಿನಾರನೆಯ ದಿನ ಮಗನ ತಲೆಗೆ ಉರುಮಾಲು ಕಟ್ಟಿ, ಇನ್ನು ಮೇಲೆ ಮನೆಗೆ ನೀನು ಹಿರಿಯ ಎಂದು ಹೇಳಬೇಕಾದವನು ಮಾಪ್ಪಿಳೆ, ಅಂದರೆ ಅಳಿಯ. ಅವನನ್ನು ಬೇಡವೆಂದರೆ ಮಗಳನ್ನೂ ಬೇಡವೆಂದ ಹಾಗೆ. ತೇನ್‌ಮೊಳಿ ತನ್ನ ಬಟ್ಟೆಯ ಚೀಲ ತುಂಬತೊಡಗಿದಳು.

ಆಗ ರಾಜಮ್ಮಾಳ್ ಗೋಡೆಗೆ ಒರಗಿದಲ್ಲಿಂದಲೇ ಮಾತಾಡಿದರು. "ಪಾಯಿಂಟು ಓದ್ರೆ ಓಗ್ಲಿ. ಕದ್ದೋರು ನಮ್ಮನೆಯೋರೇ ಅಂದ್ರೆ ನಾನು ಆ ಮಡಕೆ ಹಿಡ್ಕೊಂಡು ಎಲ್ಲಿಗೂ ಬರಕ್ಕಿಲ್ಲ. ಒಡೆದ ಮನೆಯಿಂದ ಅವರ್ನ ಕಳಿಸಕ್ಕಿಲ್ಲ. ಅದು ಆ ಕೊಂಬೇಲೇ ಇರ್ಲಿ."

ಲಕ್ಷ್ಮಣನ್ ಎದ್ದು, ಚಪ್ಪಲಿ ಮೆಟ್ಟಿ, ನೇರವಾಗಿ ಅಕ್ಕನ ಮನೆಗೆ ನಡೆದರು.

ಅವರ ಅಕ್ಕ ತಿಲಗವತಿ ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ದುಡಿದು ಪೋಸ್ಟ್ ಮಾಸ್ಟರ್ ಆಗಿ ನಿವೃತ್ತರಾದವರು. ಕಂಬಂ ಕಣಿವೆಯಲ್ಲಿ ಯಾರ ಮನೆಯಲ್ಲಿ ಏನು ಕಾಣೆಯಾದರೂ ಪೊಲೀಸಿಗೆ ಮೊದಲು ಅವರ ಜಗಲಿಗೆ ಬರುವುದು ರೂಢಿಯಾಗಿತ್ತು. ಏಲಕ್ಕಿ ಮೂಟೆಯಲ್ಲಿ ಕಲ್ಲು ಬೆರೆಸಿದವರನ್ನೂ ದೇವಸ್ಥಾನದ ಹಿತ್ತಾಳೆ ಗಂಟೆಯನ್ನೂ ಅವರು ಜಗಲಿ ಬಿಟ್ಟು ಇಳಿಯದೆ ಹಿಡಿದುಕೊಟ್ಟಿದ್ದರು. ಪತ್ತೆ ಮಾಡುವಾಗಲೆಲ್ಲ ಲಕ್ಷ್ಮಣನ್ ಜೊತೆಯಲ್ಲಿರಬೇಕು. ಅವರು ಕಂಡದ್ದನ್ನು ಕಂಡ ಹಾಗೆ ಹೇಳುತ್ತಾರೆ, ತಮ್ಮದೇನೂ ಸೇರಿಸುವುದಿಲ್ಲ ಎಂಬುದೇ ಅಕ್ಕ ಕೊಡುತ್ತಿದ್ದ ಕಾರಣ. ಅದು ಹೊಗಳಿಕೆಯೋ ಗೇಲಿಯೋ ಎಂದು ಲಕ್ಷ್ಮಣನ್‌ಗೆ ಇನ್ನೂ ತಿಳಿದಿರಲಿಲ್ಲ.

ಎಲ್ಲವನ್ನೂ ಕೇಳಿದ ತಿಲಗವತಿ ಜಗಲಿಯಿಂದ ಎದ್ದರು. "ಅಂಚೆ ಆಪೀಸಲ್ಲಿ ಬಂದ ಕಾಗದ ಎಲ್ಲಾರೂ ನೋಡ್ತಾರೆ ತಮ್ಮಾ," ಎಂದರು. "ಬರಬೇಕಾದ ಕಾಗದ ಯಾವುದು ಬರಲಿಲ್ಲ ಅಂತ ನೋಡಬೇಕು. ಬಾ."

ಮೊದಲು ಅವರು ರಾಜಮ್ಮಾಳ್ ಪಕ್ಕದಲ್ಲಿ ಕುಳಿತು ಅವರ ಕೈಯನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡರು. ಕಳೆದದ್ದರ ಮಾತನ್ನೇ ಎತ್ತಲಿಲ್ಲ. ಹೊಟ್ಟೆಗೆ ಏನು ತಿಂದೆ, ರಾತ್ರಿ ನಿದ್ದೆ ಬರುತ್ತದೆಯೇ ಎಂದಷ್ಟೇ ಕೇಳಿದರು. ರಾಜಮ್ಮಾಳ್ ಕೊರಳಲ್ಲಿ ತಾಳಿ ಇನ್ನೂ ಇತ್ತು. ಆ ಮನೆತನಗಳಲ್ಲಿ ತಾಳಿ, ಹೂವು, ಬಳೆ ಎಲ್ಲವನ್ನೂ ಹದಿನಾರನೆಯ ದಿನ ಹೊತ್ತು ಮೂಡುವ ಮುಂಚೆ ಹೊಳೆಯ ದಡದಲ್ಲಿ ಒಟ್ಟಿಗೇ ತೆಗೆಯುತ್ತಾರೆ. ಅಲ್ಲಿಯವರೆಗೆ ಒಂದನ್ನೂ ಮುಟ್ಟುವ ಹಾಗಿಲ್ಲ. ಎರಡೂ ಕೈಗಳಲ್ಲಿ ಗಾಜಿನ ಬಳೆಗಳು ಸಡಿಲವಾಗಿ ಜಾರುತ್ತಿದ್ದವು. ಅವುಗಳ ನಡುವೆ ಮಣಿಕಟ್ಟಿನ ಚರ್ಮ ಬೆರಳಗಲದಷ್ಟು ಬಿಳುಪಾಗಿ ಕಂಡಿತು. ಹನ್ನೆರಡು ದಿನದಲ್ಲಿ ಎಷ್ಟು ಬಡವಾಗಿಬಿಟ್ಟರು ಎಂದು ಲಕ್ಷ್ಮಣನ್ ಮರುಗಿದರು.

ಆಮೇಲೆ ಜೆಯಕುಮಾರ್ ಸರದಿ. ಅವನು ಅವರನ್ನು ತಂದೆಯ ಬೀರುವಿನ ಹತ್ತಿರ ಕರೆದೊಯ್ದ. ಸಾವಿನ ಸರ್ಟಿಫಿಕೇಟಿನ ಐದು ಪ್ರತಿ ತಂದಿಟ್ಟಿದ್ದೆ, ಈಗ ನಾಲ್ಕೇ ಇವೆ, ಇದನ್ನೂ ಯಾರೋ ಎತ್ತಿದ್ದಾರೆ ಎಂದು ಒಂದೊಂದಾಗಿ ಎಣಿಸಿ ತೋರಿಸಿದ. ಕಾರ್ಡಿನ ಬಿಲ್ ಕಟ್ಟಿದವರು ಯಾರೆಂದು ತಿಲಗವತಿ ಕೇಳಿದರು.

"ಆಸ್ಪತ್ರೆ ದುಡ್ಡು ಸೇರಿ ದೊಡ್ಡ ಬಿಲ್ಲು ಅತ್ತೆ. ದ್ರಾಕ್ಷಿ ಕುಯ್ಲು ಆಗ್ಲಿ, ಮೆಲ್ಲಗೆ ಕಟ್ಟೋಣ ಅಂತ ಅವ್ವನ ಹತ್ರ ಹೇಳಿದ್ದೆ," ಎಂದ ಅವನು. ಗಡುವು ಒಂಬತ್ತನೆಯ ದಿನವೇ ಮುಗಿದಿತ್ತು. ಯಾರೂ ಕೇಳಲು ಬರಲಿಲ್ಲವಾದ್ದರಿಂದ ಮಾಪ್ಪಿಳೆಯೇ ಏನೋ ಸಮಯ ಕೇಳಿರಬೇಕೆಂದು ಅವನು ತಿಳಿದಿದ್ದ.

ಮನೆಯಿಂದ ಹೊರಡುವಾಗ ತಿಲಗವತಿ ಅಡುಗೆಮನೆಗೆ ಇಣುಕಿ ಜೆಯಂತಿಯೊಡನೆ ಹದಿನಾರನೆಯ ದಿನದ ಸಾಮಾನಿನ ಮಾತಾಡಿದರು. ಎಲ್ಲ ಬಂದಿದೆಯೇ ಎಂದರೆ ಬಂದಿದೆ ಎಂದಳು. ಅಷ್ಟರಲ್ಲಿ ಹಿಂದಿನಿಂದ ಜೆಯಕುಮಾರ್, ಮಕ್ಕಳಿಗೆ ಬಟ್ಟೆ ಮಾತ್ರ ಬಂದಿಲ್ಲ, ಒಂಬತ್ತನೆಯ ದಿನ ಇವಳು ತೇನಿಗೆ ಹೋಗಿ ಇಡೀ ಹಗಲು ಸುತ್ತಿ ಬರಿಗೈಯಲ್ಲಿ ಬಂದಳು ಎಂದ. ಬಣ್ಣ ಹಿಡಿಸಲಿಲ್ಲ ಎಂದಳು ಜೆಯಂತಿ, ತಲೆ ಎತ್ತದೆ.

ಮಾರನೆಯ ಬೆಳಿಗ್ಗೆ ಅಕ್ಕ ತಮ್ಮ ಇಬ್ಬರೂ ದಿಂಡಿಗಲ್ಲಿಗೆ ಬಸ್ಸು ಹತ್ತಿದರು. ಹೊರಡುವ ಮುಂಚೆ ತಿಲಗವತಿ, ಕಾರ್ಡಿನ ಜೊತೆ ಕೊಟ್ಟಿದ್ದ ನಿಯಮದ ಪುಸ್ತಕ ಇದೆಯೇ ಎಂದು ಕೇಳಿದ್ದರು. ಇತ್ತು. ಅದನ್ನು ನೀನೇ ಇಟ್ಟುಕೋ ಎಂದು ಈಶ್ವರನ್ ಅಂದೇ ಲಕ್ಷ್ಮಣನ್ ಕೈಗೆ ಕೊಟ್ಟಿದ್ದರು. ಪಾಯಿಂಟು ಹೇಗೆ ಸೇರುತ್ತದೆ ಎಂಬ ಮೊದಲ ಎಂಟು ಪುಟಗಳಲ್ಲಿ ಸಾಲು ಸಾಲಿಗೂ ಈಶ್ವರನ್ ಪೆನ್ಸಿಲ್ ಗೆರೆ ಎಳೆದಿದ್ದರು. ಆ ಗೆರೆ ಕಂಡು ಲಕ್ಷ್ಮಣನ್ ಕಣ್ಣು ಮಂಜಾಯಿತು. ಮುಂದೆ ತಿರುವಲು ಅವರಿಂದಾಗಲಿಲ್ಲ. ತಿಲಗವತಿ ಭೂತಗಾಜು ಹಿಡಿದು ಬಸ್ಸಿನ ಕುಲುಕಾಟದಲ್ಲೇ ಪುಸ್ತಕದ ಕೊನೆಯವರೆಗೂ ಓದಿದರು. ಹಿಂಭಾಗದ ಒಂದು ಪುಟದ ಮೂಲೆ ಮಡಿಸಿ ಚೀಲಕ್ಕೆ ಹಾಕಿದರು.

ಪ್ರೇಮ್‌ಕುಮಾರ್ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಒಳಗೆ ಒಬ್ಬನೇ ಕುಳಿತಿದ್ದ. ರಾತ್ರಿ ಹೆಂಡತಿ ಅಳುತ್ತಾ ಬಂದಿಳಿದಿದ್ದಳು. ಬರುವಾಗ ಮಾವನ ಫೋನನ್ನೂ ತಂದಿದ್ದಳು. ಅವರು ಬೇಕಾದರೆ ನೋಡಿಕೊಳ್ಳಲಿ ಎಂದು ಅವನು ಅದನ್ನು ಮೇಜಿನ ಮೇಲೆ ಇಟ್ಟ.

"ಫೋನ್ ನನ್ನ ಕೈಯಾಗೇ ಇತ್ತು ಅತ್ತೆ, ಇಲ್ಲ ಅನ್ನಕ್ಕಿಲ್ಲ," ಎಂದ. "ಆರು ದಿನದಾಗೆ ನಲವತ್ತು ಜನ ಕೂಗಿರ್ತಾರೆ. ಈಶ್ವರನ್ ಇದ್ದಾರಾ ಅಂತ ಕೇಳ್ತಾರೆ. ಒಬ್ಬೊಬ್ಬರಿಗೂ ಮಾಮ ಇಲ್ಲ ಅಂತ ಹೇಳಿ ಹೇಳಿ ನನ್ನ ಗಂಟಲು ಕಟ್ಟೋಯ್ತು. ಅದು ಬಿಟ್ಟು ಆ ಫೋನಾಗೆ ನಾನು ಏನೂ ಮಾಡಿಲ್ಲ. ಸತ್ಯಮಾ ಇಲ್ಲ."

"ಬಿಲ್ ದುಡ್ಡು ಕೇಳಿ ಯಾರಾದ್ರೂ ಕೂಗಿದ್ರಾ?"

ಇಲ್ಲ ಎಂದ. ಒಂಬತ್ತನೆಯ ದಿನ ಮಧ್ಯಾಹ್ನ ಒಂದು ಮೆಸೇಜು ಬಂದಿತ್ತು, ಹಣ ಸೇರಿತು ಎಂದು. ಮಚ್ಚಾನ್ ಜೆಯಕುಮಾರ್ ಕಟ್ಟಿರಬೇಕೆಂದು ಸುಮ್ಮನಾದೆ ಎಂದು ಅದನ್ನು ತೆಗೆದು ತೋರಿಸಿದ. ಬಿಲ್ಲಿನ ಹಣ ಪೂರ್ತಿ, ಒಂದು ರೂಪಾಯಿ ಬಿಡದೆ. ತಿಲಗವತಿ ಆ ವಾರದ ಮೆಸೇಜುಗಳನ್ನೂ ಮೇಲ್‌ಗಳನ್ನೂ ಒಂದೊಂದಾಗಿ ಓದಿಸಿಕೊಂಡರು. ಪಾಯಿಂಟು ಬದಲಿಸಿದರೆ ಎರಡು ಕಡೆಯಿಂದಲೂ ಸುದ್ದಿ ಬರುತ್ತದೆಯಲ್ಲವೇ ಎಂದು ಕೇಳಿದರು. ಬರುತ್ತದೆ, ಒಪ್ಪಿಗೆಯ ಅಂಕಿ ಕೂಡ ಬರುತ್ತದೆ ಎಂದ ಪ್ರೇಮ್‌ಕುಮಾರ್. ಅಂಥದ್ದು ಒಂದೂ ಇರಲಿಲ್ಲ.

ಮರಳಿ ಬರುವಾಗ ಬಸ್ಸು ಬತ್ತಲಗುಂಡು ಊರನ್ನು ದಾಟಿತು. ಕಳ್ಳ ಸಿಕ್ಕನೇ ಎಂದು ಲಕ್ಷ್ಮಣನ್ ಮೆಲ್ಲಗೆ ಕೇಳಿದರು.

"ಏನಾಯ್ತು ಅಂತ ಗೊತ್ತಾಯ್ತು," ಎಂದರು ಅಕ್ಕ. "ಅದ ಹೇಳಿದ್ರೆ ಒಂದು ಜೀವ ನೋಯ್ತದೆ. ಹೇಳದಿದ್ರೆ ಇನ್ನೊಂದು ಜೀವ ಬಾಳೆಲ್ಲ ತಲೆ ತಗ್ಗಿಸಿ ತಿರುಗ್ತದೆ. ದೇವರು ನನ್ನ ಬಾಯಿಗೆ ಒಳ್ಳೆ ಮಾತು ಕೊಡ್ಲಿ ಅಂತ ಕೇಳ್ಕೋ ತಮ್ಮಾ."

ಲಕ್ಷ್ಮಣನ್ ಹಾಗೆಯೇ ಕೇಳಿಕೊಂಡರು. ಬಸ್ಸಿನ ಕಿಟಕಿಯಲ್ಲಿ ವೈಗೈ ಕಾಲುವೆಯ ನೀರು, ಭತ್ತದ ಗದ್ದೆ, ದೂರದ ಬೆಟ್ಟ ಸರಿದುಹೋಗುತ್ತಿದ್ದವು. ಗೆಳೆಯನೊಡನೆ ಎಷ್ಟು ಸಾರಿ ಈ ದಾರಿಯಲ್ಲಿ ಬಂದಿದ್ದೆನೋ ಎಂದು ಅವರು ಎಣಿಸಲು ಹೋಗಿ ಬಿಟ್ಟುಬಿಟ್ಟರು.

ಹದಿನೈದನೆಯ ದಿನ ಮಧ್ಯಾಹ್ನ ತಿಲಗವತಿ ಎಲ್ಲರನ್ನೂ ಪಡಸಾಲೆಗೆ ಸೇರಿಸಿದರು. ಪ್ರೇಮ್‌ಕುಮಾರನನ್ನು ಲಕ್ಷ್ಮಣನ್ ತಾವೇ ಕೈಹಿಡಿದು ಕರೆತಂದರು. ಅವನು ಬಾಗಿಲ ಹೊರಗಿನ ಮೆಟ್ಟಿಲ ಮೇಲೆಯೇ ಕುಳಿತ. ತೇನ್‌ಮೊಳಿ ಅವನ ಪಕ್ಕದಲ್ಲಿ ಕುಳಿತಳು. ಜೆಯಕುಮಾರ್ ಗೋಡೆಯ ಕಡೆ ತಿರುಗಿ ನಿಂತಿದ್ದ. ರಾಜಮ್ಮಾಳ್ ಗಂಡನ ಪಟದ ಕೆಳಗೆ. ಜೆಯಂತಿ ಎಂದಿನಂತೆ ಅಡುಗೆಮನೆಯ ಹೊಸ್ತಿಲಲ್ಲಿ.

"ಮೊದಲ ಮಾತು," ಎಂದು ತಿಲಗವತಿ ಶುರುಮಾಡಿದರು. "ಈಶ್ವರನ್ ಪಾಯಿಂಟು ಯಾರೂ ಕದ್ದಿಲ್ಲ."

ಪಾಯಿಂಟನ್ನು ಯಾರಾದರೂ ಎತ್ತಿದ್ದರೆ ಅದು ಟಿಕೆಟ್ಟಾಗಿಯೋ ಸಾಮಾನಾಗಿಯೋ ಹೊರಗೆ ಬರಬೇಕು, ಅದಕ್ಕೆ ಒಪ್ಪಿಗೆಯ ಅಂಕಿ ಬರಬೇಕು, ಫೋನಿಗೂ ಮೇಲಿಗೂ ಸುದ್ದಿ ಬರಬೇಕು ಎಂದು ಅವರು ವಿವರಿಸಿದರು. ಒಂದೂ ಬಂದಿರಲಿಲ್ಲ. ಪ್ರೇಮ್‌ಕುಮಾರ್ ಅಳಿಸಿರಬಹುದಲ್ಲ ಎಂದು ಜೆಯಕುಮಾರ್ ಗೋಡೆಗೇ ಹೇಳಿದ.

"ಕಳ್ಳ ಅಳಿಸ್ತಾನೆ ಅಪ್ಪಾ, ಒಪ್ಪಿದೆ. ಆದ್ರೆ ಕಳ್ಳ ನಿಮ್ಮ ಅಪ್ಪನ ಬಿಲ್ಲು ಕಟ್ತಾನಾ?"

ಜೆಯಕುಮಾರ್ ತಿರುಗಿ ನಿಂತ. ಒಂಬತ್ತನೆಯ ದಿನ ಪೂರ್ತಿ ಹಣ ಸೇರಿತೆಂಬ ಸುದ್ದಿಯನ್ನು ಅವನು ಅಲ್ಲಿಯವರೆಗೆ ಕೇಳಿರಲಿಲ್ಲ. ನೀನು ಕಟ್ಟಿದೆಯಾ ಎಂದು ಅವನು ಪ್ರೇಮ್‌ಕುಮಾರನನ್ನು ಕೇಳಿದ. ನೀನು ಕಟ್ಟಲಿಲ್ಲವಾ ಎಂದು ಅವನು ಇವನನ್ನು ಕೇಳಿದ. ಮೂರು ದಿನದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲು.

"ಗಡುವು ದಾಟಿದ ಮೇಲೆ ಬ್ಯಾಂಕಿನೋರು ಕೂಗಬೇಕು, ಕೂಗ್ಲಿಲ್ಲ. ಬರಬೇಕಾದ್ದು ಬರಲಿಲ್ಲ. ಅಲ್ಲಿಂದ ನನಗೆ ದಾರಿ ಸಿಕ್ತು," ಎಂದರು ತಿಲಗವತಿ. "ಎರಡನೇದು ಆ ಸರ್ಟಿಫಿಕೇಟು. ಸತ್ತೋರ ಪಾಯಿಂಟು ಕದಿಯೋನು ಸತ್ತ ಸುದ್ದೀನ ಮುಚ್ಚಿಡ್ತಾನೆ. ಸರ್ಟಿಫಿಕೇಟು ಎತ್ತಿಕೊಂಡು ಹೋದೋರು, ಇವರು ತೀರಿಕೊಂಡರು ಅಂತ ಬ್ಯಾಂಕಿಗೆ ಹೇಳೋಕೆ ಹೋದೋರು."

ಸಾವನ್ನು ಹೇಳಿ, ಬಾಕಿಯನ್ನು ಪೂರ್ತಿ ಕಟ್ಟಿ, ಯಾರಾದರೂ ಏನು ಕೇಳುತ್ತಾರೆ? ಕಾರ್ಡನ್ನು ಮುಚ್ಚಿಬಿಡಿ ಎಂದು ಕೇಳುತ್ತಾರೆ. ತೇನ್‌ಮೊಳಿ ಕಂಡ ಕಾರ್ಡಿನ ಚಿತ್ರ ಬೂದಿಬಣ್ಣವಾಗಿದ್ದದ್ದು ಸಿಗ್ನಲ್ಲಿನ ತಪ್ಪಲ್ಲ. ಮುಚ್ಚಿದ ಕಾರ್ಡು ಹಾಗೆಯೇ ಕಾಣುತ್ತದೆ. ತಿಲಗವತಿ ಚೀಲದಿಂದ ನಿಯಮದ ಪುಸ್ತಕ ತೆಗೆದು, ಮಡಿಸಿದ ಪುಟವನ್ನು ತಮ್ಮನ ಕೈಗೆ ಕೊಟ್ಟು ಓದು ಎಂದರು. ಲಕ್ಷ್ಮಣನ್ ಕನ್ನಡಕ ಸರಿಮಾಡಿಕೊಂಡು ಓದಿದರು. ಕಾರ್ಡುದಾರರು ಮೃತರಾದಲ್ಲಿ, ಕಾರ್ಡನ್ನು ಮುಚ್ಚುವುದಕ್ಕೆ ಮೊದಲು ವಾರಸುದಾರರು ಕೇಳಿದರೆ ಪಾಯಿಂಟು ಅವರಿಗೆ ಸಲ್ಲುತ್ತದೆ. ಕೇಳದೆ ಮುಚ್ಚಿಸಿದರೆ ಆ ದಿನವೇ ಪಾಯಿಂಟೆಲ್ಲ ರದ್ದಾಗುತ್ತದೆ. ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇರಲಿಲ್ಲ. ಸೇರಿಸುವ ಪುಟಗಳನ್ನು ಇಬ್ಬರೂ ಕೂಡಿ ಮೂರು ಸಾರಿ ಓದಿದ್ದರು. ಕಳೆದುಕೊಳ್ಳುವ ಪುಟವನ್ನು ಒಂದು ಸಾರಿಯೂ ತೆರೆದಿರಲಿಲ್ಲ. ಓದಿ ಮುಗಿಸಿ ಲಕ್ಷ್ಮಣನ್ ಪುಸ್ತಕ ಮುಚ್ಚಿದರು. ತಪ್ಪಿನಲ್ಲಿ ತಮ್ಮದೂ ಪಾಲಿದೆ ಎಂದು ಅವರಿಗೆ ತೋರಿತು.

"ಯಾರು ಮುಚ್ಚಿಸಿದ್ದು?" ಎಂದ ಜೆಯಕುಮಾರ್. ಈಗ ಅವನ ಸ್ವರದಲ್ಲಿ ಸಿಟ್ಟು ಇರಲಿಲ್ಲ.

ತಿಲಗವತಿ ರಾಜಮ್ಮಾಳ್ ಪಕ್ಕಕ್ಕೆ ಹೋಗಿ ಕುಳಿತು, ಮೊನ್ನೆಯ ಹಾಗೆಯೇ ಅವರ ಕೈ ಹಿಡಿದುಕೊಂಡರು. ಸುಡುಗಾಡಿನಲ್ಲಿ ಕೊಳ್ಳಿ ಇಡುವ ಮೊದಲು ಜೆಯಕುಮಾರ್ ಊರವರ ಮುಂದೆ ಹೇಳಿದ ಮಾತನ್ನು ಅವರು ನೆನಪು ಮಾಡಿದರು. ನಮ್ಮ ಜನದಲ್ಲಿ ಮಗನಾದವನು ಹೇಳಲೇಬೇಕಾದ ಮಾತು ಅದು: ನನ್ನ ಅಪ್ಪ ಯಾರಿಗಾದರೂ ಕೊಡಬೇಕಿದ್ದರೆ ನನ್ನನ್ನು ಕೇಳಿ, ಅವರ ಮೇಲೆ ಹೊರಿಸಬೇಡಿ. ಹದಿನಾರನೆಯ ದಿನದೊಳಗೆ ಆ ಮಾತು ತೀರಬೇಕು; ತೀರದಿದ್ದರೆ ಹೋದ ಜೀವ ಭಾರ ಹೊತ್ತು ದಾರಿಯಲ್ಲಿ ನಿಲ್ಲುತ್ತದೆಂದು ಹಿರಿಯರ ನಂಬಿಕೆ. ಅಂದು ಯಾರೂ ಮುಂದೆ ಬಂದು ಕೇಳಲಿಲ್ಲ. ಆದರೆ ಕುಯ್ಲಾಗಲಿ, ಮೆಲ್ಲಗೆ ಕಟ್ಟೋಣ ಎಂದು ಮಗ ಹೇಳಿದ ಮಾತು ಈ ಮನೆಯಲ್ಲಿ ಒಬ್ಬರ ನಿದ್ದೆ ಕೆಡಿಸಿತು. ಕುಯ್ಲು ಹದಿನಾರರ ಆಚೆಗಿತ್ತು.

"ಹದಿನಾರರ ಮುಂಚೆ ಬಳೆ ತೆಗೆಯೋ ಪದ್ಧತಿ ನಮ್ಮಲ್ಲಿಲ್ಲ," ಎಂದು ತಿಲಗವತಿ ಮೆಲುದನಿಯಲ್ಲಿ ಹೇಳಿದರು. "ಆದ್ರೂ ಈ ಕೈಯಾಗೆ ಗಾಜಿನ ಬಳೆ ನಡುವೆ ನಲವತ್ತು ವರ್ಷ ಇದ್ದ ಚಿನ್ನದ ಬಳೆ ಇಲ್ಲ. ಹದಿನಾರರವರೆಗೆ ಬೀದಿಗೆ ಇಳಿಯೋ ಹಾಗಿಲ್ಲದ ನೀನು ಯಾರ ಕೈಲಿ ಕೊಟ್ಟೆ ಅನ್ನೋದೂ ನನಗೆ ಗೊತ್ತು ರಾಜಮ್ಮಾ. ಬಟ್ಟೆ ತರೋಕೆ ಅಂತ ತೇನಿಗೆ ಹೋಗಿ ಬರಿಗೈಲಿ ಬಂದ ಹುಡುಗಿ."

ಜೆಯಂತಿ ಹೊಸ್ತಿಲಿನಿಂದ ಎದ್ದು ಬಂದು ಅತ್ತೆಯ ಕಾಲ ಹತ್ತಿರ ಕುಸಿದಳು. ಅವಳ ಮಾತು ತುಂಡುತುಂಡಾಗಿ ಬಂತು. ಬಳೆ ಮಾರಿ, ಅತ್ತೆ ಸಹಿ ಹಾಕಿದ ಕಾಗದವನ್ನೂ ಸರ್ಟಿಫಿಕೇಟನ್ನೂ ಕೊಟ್ಟು, ಬ್ಯಾಂಕಿನಲ್ಲಿ ಹಣ ಕಟ್ಟಿ, ಇನ್ನು ಇವರ ಹೆಸರಲ್ಲಿ ಏನೂ ಉಳಿಯಬಾರದು ಎಂದು ಮುಚ್ಚಿಸಿ ಬಂದಿದ್ದಳು. ಮಗನಿಗೆ ತಿಳಿದರೆ ಅವ್ವನ ಬಳೆ ಮಾರಿಸಿದೆನೆಂದು ಕೊರಗುತ್ತಾನೆ, ಯಾರಿಗೂ ಹೇಳಬೇಡ ಎಂದು ಅತ್ತೆ ದೀಪ ಮುಟ್ಟಿಸಿ ಮಾತು ತೆಗೆದುಕೊಂಡಿದ್ದರು. ಪಾಯಿಂಟು ಅಂಚೆ ಕಚೇರಿಯ ಉಳಿತಾಯದ ಹಾಗೆ ಬೇರೆಯೇ ಇರುತ್ತದೆಂದು ಇಬ್ಬರೂ ತಿಳಿದಿದ್ದರು. ಸೊನ್ನೆ ಎಂಬ ಮಾತು ಕಿವಿಗೆ ಬಿದ್ದಾಗಲೇ ಜೆಯಂತಿಗೆ ಮಾತ್ರ ಎಲ್ಲ ಹೊಳೆದುಹೋಗಿತ್ತು.

"ಹೇಳಿದ್ರೆ ಅತ್ತೆಗೆ ಗೊತ್ತಾಗ್ತದೆ, ಮಾಮ ಕೂಡಿಟ್ಟದ್ದ ಅವರೇ ಕೈಯಾರೆ ಕಳೆದ್ರು ಅಂತ," ಎಂದಳು. "ಅದ ನನ್ನ ಬಾಯಿಂದ ಹೇಳಕ್ಕಾಗ್ಲಿಲ್ಲ. ಅಣ್ಣಾ, ನಿಮ್ಮ ಮೇಲೆ ಕದ್ದ ಪಳಿ ಬಿದ್ದಾಗ್ಲೂ ಸುಮ್ನಿದ್ದೆ. ತಪ್ಪು ನಂದು."

ಅಣ್ಣಾ ಎಂದದ್ದು ಪ್ರೇಮ್‌ಕುಮಾರನಿಗೆ. ಅವನು ಮೆಟ್ಟಿಲ ಮೇಲಿನಿಂದಲೇ ಕೈ ಆಡಿಸಿ, ಬಿಡಮ್ಮಾ, 'ನಾನು ಕದ್ದಿಲ್ಲ' ಅಂತ ನನಗೆ ಗೊತ್ತಿತ್ತು, ನಿನ್ನ ಹಾಗೆ ಗೊತ್ತಿದ್ದೂ ಬಾಯಿ ಕಟ್ಟಿಕೊಳ್ಳೋ ಕಷ್ಟ ನನಗಿರಲಿಲ್ಲ ಎಂದ.

ಎಲ್ಲರ ಕಣ್ಣೂ ರಾಜಮ್ಮಾಳ್ ಕಡೆ ತಿರುಗಿತು. ಆ ಮುಖ ಎಲ್ಲಿ ಒಡೆದುಹೋಗುವುದೋ ಎಂಬ ಭಯ ಲಕ್ಷ್ಮಣನ್‌ಗೆ. ರಾಜಮ್ಮಾಳ್ ಗಂಡನ ಪಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೊಸೆಯ ತಲೆಯ ಮೇಲೆ ಕೈ ಇಟ್ಟರು.

"ಅಳಬ್ಯಾಡ ನನ್ನ ಕಣ್ಣೇ," ಎಂದರು. "ಅವರು ನನ್ನ ಕಾಶಿಗೆ ಕಳಿಸೋಕೆ ಅಂತ ಕೂಡಿಟ್ರು. ನಾನು ಅವರ್ನ ಹಗುರಾಗಿ ಕಳಿಸೋಕೆ ಅಂತ ಕೊಟ್ಟೆ. ಗೊತ್ತಿದ್ರೂ ಅದೇ ಮಾಡಿರ್ತಿದ್ದೆ. ಯಾರ ಮನೆ ದುಡ್ಡು ಯಾರ ಮನೆಗೂ ಓಗಿಲ್ಲ."

ಬಾಗಿಲ ಕಡೆ ನೋಡಿ, "ಮಾಪ್ಪಿಳೆ, ಬಿಸಿಲಾಗೆ ಯಾಕೆ ಕೂತಿದ್ದೀರಿ? ಒಳಗೆ ಬರ್ರಿ," ಎಂದರು.

ಪ್ರೇಮ್‌ಕುಮಾರ್ ಏಳಲಿಲ್ಲ. ಜೆಯಕುಮಾರ್ ತಾನೇ ಹೊರಗೆ ಹೋಗಿ ಅವನ ಮುಂದೆ ನಿಂತ. ಹೆಗಲ ಮೇಲಿನ ತುಂಡುಬಟ್ಟೆಯನ್ನು ತೆಗೆದು ಎರಡು ಕೈಯಲ್ಲಿ ಹಿಡಿದುಕೊಂಡ. "ನಾಳೆ ಉರುಮಾಲು ನೀನೇ ಕಟ್ಟಬೇಕು ಮಾಪ್ಪಿಳೆ. ನಾನು ಮಾತಾಡಿದ್ದು ತಪ್ಪು," ಎಂದ.

"ಬಿಗಿಯಾಗಿ ಕಟ್ತೀನಿ ಮಚ್ಚಾನ್. ಎರಡು ದಿನ ಬಿಚ್ಚಕ್ಕಾಗ್ದಂಗೆ," ಎಂದು ಪ್ರೇಮ್‌ಕುಮಾರ್ ಎದ್ದ. ಅಷ್ಟು ದುಃಖದಲ್ಲೂ ತೇನ್‌ಮೊಳಿಗೆ ನಗು ಬಂತು, ಸೆರಗಿನಲ್ಲಿ ಮುಚ್ಚಿಕೊಂಡಳು.

ಕಾಶಿಯ ಮಾತು ಮತ್ತೆ ಎದ್ದಿತು. ಮಗ, ಅಳಿಯ ಇಬ್ಬರೂ ಅರ್ಧರ್ಧ ಹಾಕಿ ಟಿಕೆಟ್ ತೆಗೆಯುತ್ತೇವೆಂದರು. ತಿಲಗವತಿ ಬ್ಯಾಂಕಿಗೆ ಒಂದು ಅರ್ಜಿ ಬರೆದು, ತಿಳಿಯದೆ ಆದದ್ದು, ದಯವಿಟ್ಟು ಪಾಯಿಂಟು ಮರಳಿ ಕೊಡಿ ಎಂದು ರಿಜಿಸ್ಟರ್ ಮಾಡಿ ಕಳಿಸಿದರು. ಅದಕ್ಕೆ ಇಂದಿಗೂ ಉತ್ತರ ಬಂದಿಲ್ಲ. ರಾಜಮ್ಮಾಳ್ ಮಾತ್ರ ಬೇಡವೆಂದರು. ಅವರು ಜೊತೆಯಲ್ಲಿದ್ದರೆ ಕಾಶಿ. ಇಲ್ಲದ ಮೇಲೆ ನಮ್ಮ ಹಿರಿಯರನ್ನೆಲ್ಲ ಒಯ್ದ ಸುರುಳಿ ಜಲಪಾತದ ನೀರೇ ಸಾಕು, ಅಲ್ಲಿಗಾದರೆ ಮನೆಯವರೆಲ್ಲರೂ ಬರಬಹುದು ಎಂದರು.

ಹದಿನಾರನೆಯ ದಿನ ಹೊತ್ತು ಮೂಡುವ ಮುಂಚೆ ಆಗಬೇಕಾದ್ದೆಲ್ಲ ಆಯಿತು. ಅಳಿಯ ಮಗನ ತಲೆಗೆ ಉರುಮಾಲು ಕಟ್ಟಿದ. ಬೇವಿನ ಕೊಂಬೆಯಿಂದ ಮಡಕೆಯನ್ನು ಇಳಿಸಿ ರಾಜಮ್ಮಾಳ್ ಮಡಿಲಲ್ಲಿ ಇಟ್ಟರು. ಎಲ್ಲರೂ ಒಂದೇ ವ್ಯಾನಿನಲ್ಲಿ ಸುರುಳಿಗೆ ಹೋದರು. ಬೆಟ್ಟದ ಬುಡದಲ್ಲಿ ಗಾಳಿ ತಣ್ಣಗಿತ್ತು, ಕಲ್ಲುಗಳ ಮೇಲೆ ನೀರು ಬೆಳ್ಳಗೆ ಬೀಳುತ್ತಿತ್ತು. ಜೆಯಕುಮಾರ್ ಮಡಕೆಯ ಒಂದು ಅಂಚನ್ನೂ ಪ್ರೇಮ್‌ಕುಮಾರ್ ಇನ್ನೊಂದು ಅಂಚನ್ನೂ ಹಿಡಿದು ಸೊಂಟದವರೆಗೆ ಇಳಿದರು. ಬಟ್ಟೆಯ ಗಂಟು ಬಿಚ್ಚಿದರು.

ಲಕ್ಷ್ಮಣನ್ ದಡದಲ್ಲಿ ಬರಿಗಾಲಲ್ಲಿ ನಿಂತು ಕೈ ಮುಗಿದರು. ಐವತ್ತು ವರ್ಷದ ಗೆಳೆಯನಿಗಾಗಿ ದೇವರಿಗೆ ಹೇಳಬೇಕಾದ್ದನ್ನು ಹೇಳಿದರು.

"ಸ್ವಾಮೀ, ಈ ಜೀವ ಯಾರಿಗೂ ಕೇಡು ಬಗೆದದ್ದಲ್ಲ. ತನ್ನವರಿಗಾಗಿ ಚೂರುಚೂರು ಕೂಡಿಟ್ಟು ಬಾಳಿದ್ದು. ಇದರ ಮೇಲೆ ಯಾರ ಭಾರವೂ ಇಲ್ಲ, ಯಾರ ಶಾಪವೂ ಇಲ್ಲ. ದಾರಿಯಲ್ಲಿ ನಿಲ್ಲಿಸದೆ, ಕೈಹಿಡಿದು ಕರೆದುಕೋ. ನಿನ್ನ ಪಾದದ ನೆರಳಲ್ಲಿ ನಮ್ಮ ಈಶ್ವರನ್‌ಗೆ ಶಾಂತಿ ಕೊಡು."